ಪ್ಯಾನಿಕ್‌ಗೆ ‘ದಿಗಿಲು’ ಸರಿಯೇ? ಇಎಂಡಿಆರ್ ಕುರಿತ ಪದಗಳ ಬಗ್ಗೆ

ಗೆಳೆಯರೇ,

ಪ್ಯಾನಿಕ್ ಡಿಸಾರ್ಡರ್‌ಗೆ ಇಎಂಡಿಆರ್ ಚಿಕಿತ್ಸೆ ಪಡೆಯಲಿರುವವರು ಓದಲೆಂದು ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಇಎಂಡಿಆರ್ ಎಂದರೆ ‘ಐ ಮೂವ್‌ಮೆಂಟ್ ಡಿಸೆನ್ಸಿಟೈಸೇಶನ್ ಅಂಡ್ ರೀಪ್ರೊಸೆಸಿಂಗ್’, ಕಾಡುವ ನೆನಪನ್ನು ಮನಸ್ಸಿಗೆ ತಂದುಕೊಂಡು ಕಣ್ಣನ್ನು ಅತ್ತಿತ್ತ ಆಡಿಸುವ ಮನೋಚಿಕಿತ್ಸೆ. ಕೆಲವು ಪದಗಳ ಬಳಿ ಕೈ ನಿಂತಿದೆ. ಬಲ್ಲವರು ತಿಳಿಸಿಕೊಡಬೇಕು.

ಮೊದಲು ಕಾಯಿಲೆಯ ಹೆಸರು. ‘ಆತಂಕ’ ಆಗಲೇ ಆಂಗ್ಸೈಟಿಗೆ ಸಂದುಹೋಗಿದೆ. ಆತಂಕ ದಿನಗಟ್ಟಲೆ ಒಳಗೇ ಕೊರೆಯುವಂಥದ್ದು. ಪ್ಯಾನಿಕ್ ಹಾಗಲ್ಲ. ಸುಮ್ಮನೆ ಕೂತಿದ್ದವರಿಗೆ ಎದೆ ಡವಡವ ಹೊಡೆದುಕೊಂಡು, ಉಸಿರು ಸಿಕ್ಕದೆ, ಕೈಕಾಲು ಜುಮುಗುಟ್ಟಿ, ಇನ್ನೇನು ಪ್ರಾಣ ಹೋಯಿತು ಅನ್ನಿಸಿ, ಕೆಲವೇ ನಿಮಿಷಗಳಲ್ಲಿ ವಿಪರೀತಕ್ಕೆ ಏರಿಬಿಡುತ್ತದೆ. ‘ಭೀತಿ’ ಫೋಬಿಯಾದ ಪಾಲಾಗಿದೆ. ‘ಗಾಬರಿ’ ಎಲ್ಲರ ಬಾಯಲ್ಲಿರುವ ಮಾತು, ಆದರೆ ಬಸ್ಸು ತಪ್ಪೀತೆಂದರೂ ಗಾಬರಿ, ಮಗು ಎಡವಿದರೂ ಗಾಬರಿ. ಅಲ್ಲಿ ಕಾರಣ ಕಣ್ಣೆದುರಿಗೇ ಇರುತ್ತದೆ. ನನಗೆ ‘ದಿಗಿಲು’ ಹಿಡಿಸಿದೆ. ‘ದಿಗಿಲು ಬಿದ್ದೆ’ ಅನ್ನುವಾಗ ಆ ಹಠಾತ್ತು ಮಾತಿನೊಳಗೇ ಇದೆ. ‘ಪ್ಯಾನಿಕ್ ಅಟ್ಯಾಕ್’ನ ಅಟ್ಯಾಕ್‌ಗೆ ‘ದಾಳಿ’ ಬೇಡವೆನಿಸುತ್ತದೆ. ನಾವು ಜ್ವರ ಬಂತು, ಫಿಟ್ಸ್ ಬಂತು ಅನ್ನುವವರು. ‘ದಿಗಿಲು ಬಂದಾಗ’ ಎಂದರೆ ಸಾಕಲ್ಲವೇ? ಆದರೆ ಒಮ್ಮೆ ದಿಗಿಲು ಬಂದ ಮಾತ್ರಕ್ಕೆ ಅದು ಡಿಸಾರ್ಡರ್ ಆಗುವುದಿಲ್ಲ. ಮತ್ತೆ ಮತ್ತೆ ಬರಬೇಕು. ಮುಂದಿನದು ಯಾವಾಗಲೋ ಎಂಬ ಹೆದರಿಕೆ, ಅದಕ್ಕಾಗಿ ಬಸ್ಸು, ಸಂತೆ, ಮದುವೆಮನೆ ತಪ್ಪಿಸುವುದು, ಇಂಥದ್ದು ಕನಿಷ್ಠ ಒಂದು ತಿಂಗಳು ನಡೆದಿರಬೇಕು. ಅದಕ್ಕೆ ‘ದಿಗಿಲು ಬೇನೆ’ ಎಂದು ಬರೆದಿದ್ದೇನೆ.

ಇನ್ನು ಚಿಕಿತ್ಸೆಯ ಹೆಸರು. ‘ಕಣ್ಣಿನ ಚಲನೆಯ ಚಿಕಿತ್ಸೆ’ ಎಂದರೆ ಜನ ಕಣ್ಣಿನ ಡಾಕ್ಟರ ಹತ್ತಿರ ಹೋದಾರು. ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಪೀರೊ 1987ರಲ್ಲಿ ಉದ್ಯಾನವೊಂದರಲ್ಲಿ ನಡೆಯುತ್ತಿದ್ದಾಗ, ಕಣ್ಣು ಅತ್ತಿತ್ತ ಓಡಾಡಿದಂತೆ ಮನಸ್ಸನ್ನು ಕಾಡುತ್ತಿದ್ದ ಯೋಚನೆಯ ಬಿಗಿ ಸಡಿಲವಾದುದನ್ನು ಗಮನಿಸಿ ಈ ವಿಧಾನ ಕಟ್ಟಿದರು, ನಿಜ. ಆದರೆ ಇದರ ಎಂಟು ಹಂತಗಳಲ್ಲಿ ಕಣ್ಣಾಡಿಸುವ ಕೆಲಸ ಶುರುವಾಗುವುದೇ ನಾಲ್ಕನೆಯದರಲ್ಲಿ. ಅದರ ಬದಲು ಅಂಗೈಗಳನ್ನು ಒಂದಾದ ಮೇಲೊಂದು ತಟ್ಟುವುದೂ, ಎಡಗಿವಿ ಬಲಗಿವಿಗೆ ಸರದಿಯಲ್ಲಿ ಸದ್ದು ಕೇಳಿಸುವುದೂ ಉಂಟು. ಹಾಗಾಗಿ ‘ಇಎಂಡಿಆರ್’ ಅನ್ನು ಹಾಗೆಯೇ ಉಳಿಸಿ, ಏನು ಮಾಡುತ್ತಾರೆಂದು ಪಕ್ಕದಲ್ಲೇ ವಿವರಿಸುವುದು ವಾಸಿ.

ನಿಜವಾದ ತೊಡಕು ‘ಡಿಸೆನ್ಸಿಟೈಸೇಶನ್’. ‘ಸಂವೇದನೆ ಕಳೆಯುವುದು’ ಎಂದು ಬರೆದರೆ ಓದಿದವರಿಗೆ ಅರಿವಳಿಕೆ ನೆನಪಾಗುತ್ತದೆ, ನೆನಪೇ ಅಳಿಸಿಹೋಗುವುದೇನೋ ಎಂಬ ಅಂಜಿಕೆಯೂ ಹುಟ್ಟೀತು. ಇಲ್ಲಿ ನೆನಪು ಅಳಿಯುವುದಿಲ್ಲ. ಮೊಟ್ಟಮೊದಲು ದಿಗಿಲು ಬಂದ ಗಳಿಗೆಯನ್ನೋ, ಅತಿ ಕೆಟ್ಟದಾಗಿ ಬಂದದ್ದನ್ನೋ ಮನಸ್ಸಿಗೆ ತಂದುಕೊಂಡು, ಅದು ಈಗ ಎಷ್ಟು ಕಾಡುತ್ತಿದೆ ಎಂದು 0ರಿಂದ 10ರೊಳಗೆ ಹೇಳಬೇಕು. ಇಳಿಯಬೇಕಾದ್ದು ಆ ಅಂಕಿ. ‘ನೆನಪಿನ ಕಾವು ಇಳಿಸುವುದು’ ಅಂದರೆ ಹೇಗೆ? ‘ರೀಪ್ರೊಸೆಸಿಂಗ್’ಗೆ ‘ಮರುಸಂಸ್ಕರಣೆ’ ಎಂದರೆ ಹಾಲು, ಎಣ್ಣೆ, ಕೊಳಚೆ ನೀರಿನ ಮಾತಾಗುತ್ತದೆ. ಸಾವಿನ ಸುದ್ದಿಯನ್ನು ‘ಅರಗಿಸಿಕೊಳ್ಳಲು’ ಆಗಲಿಲ್ಲ ಎನ್ನುತ್ತೇವಲ್ಲ, ಆ ಕ್ರಿಯಾಪದವೇ ನನಗೆ ಹತ್ತಿರ.

ಇನ್ನೊಂದು ಕ್ರಿಯಾಪದದ ಬಗ್ಗೆ ಮಾತ್ರ ನಾನು ಗಟ್ಟಿ. ‘ಗುಣವಾಗುತ್ತದೆ’ ಎಂದು ಬರೆಯಲಾರೆ. ಮಾನಸಿಕ ಆಘಾತದ ನಂತರದ ಬೇನೆಗೆ (ಪಿಟಿಎಸ್‌ಡಿ) ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಇಎಂಡಿಆರ್ ಅನ್ನು ಶಿಫಾರಸು ಮಾಡಿದೆ. ದಿಗಿಲು ಬೇನೆಗೆ ಆಧಾರ ಅಷ್ಟು ಗಟ್ಟಿಯಿಲ್ಲ. ಹೊರಗೆ ಹೋಗಲೂ ಹೆದರುವ ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದು ತೋರಿಕೆಯ ಚಿಕಿತ್ಸೆಗಿಂತ ಮೇಲೆನಿಸಲಿಲ್ಲ. 2017ರಲ್ಲಿ ಬಂದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ ಸಿಬಿಟಿಗೆ (ಯೋಚನೆ, ನಡವಳಿಕೆಗಳನ್ನು ತಿದ್ದಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) ಸರಿಸಾಟಿಯಾಯಿತು. ಮೊದಲ ಆಯ್ಕೆ ಇಂದಿಗೂ ಸಿಬಿಟಿ ಮತ್ತು ಔಷಧಿ. ಆದ್ದರಿಂದ ‘ನೆರವಾಗಬಹುದು’ ಎಂದಷ್ಟೇ ಬರೆದಿದ್ದೇನೆ.

ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ಹೇಳಿ: ನಿಮ್ಮಲ್ಲಿ ‘ದಿಗಿಲು’ ಮನೆಮಾತೇ, ಪುಸ್ತಕದ ಮಾತೇ? ಹೀಗೆ ಎದೆ ಹೊಡೆದುಕೊಂಡು ಬಂದಾಗ ಮನೆಯ ಹಿರಿಯರು ಏನನ್ನುತ್ತಾರೆ?