ಬೌದ್ಧರ ಮದುವೆ ಕಾರ್ಡಿಗೆ ‘ಲಗ್ನ’ ಒಗ್ಗುತ್ತದಾ?

ಎಲ್ಲರಿಗೂ ನಮಸ್ಕಾರ. ನಿಪ್ಪಾಣಿಯ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡೋದು ನನ್ನ ಕೆಲಸ. ಹೋದ ವಾರ ಒಂದು ಲಗ್ನಪತ್ರಿಕೆ ಬಂತು. ಮೇಲೆ ಬುದ್ಧನ ಚಿತ್ರ, ಕೆಳಗೆ ‘ಮಂಗಲ ಪರಿಣಯ’. ಮರಾಠಿ ಕಾರ್ಡಿನಿಂದ ಹಾಗೇ ಇಳಿಸಿದ್ದು, ನಮ್ಮ ಗಡಿ ಊರಲ್ಲಿ ಇದು ಮಾಮೂಲು. ಹುಡುಗನ ತಂದೆ ಹೇಳಿದರು: ‘ಸರ್, ಲಗ್ನ ಅಂತ ಎಲ್ಲೂ ಹಾಕಬ್ಯಾಡ್ರಿ. ನಮ್ಮದು ಬೌದ್ಧ ಪದ್ಧತಿ. ಬರೋಬ್ಬರಿ ಶಬ್ದ ಯಾವುದೈತಿ ನೋಡ್ರಿ.’

ಸುಲಭದ ಕೆಲಸ ಅಂದುಕೊಂಡು ಸಿಕ್ಕಿಬಿದ್ದೆ.

ಅವರ ತಕರಾರು ಸರಿಯೇ. ನಮ್ಮ ಕಡೆ ‘ಲಗ್ನ ಆತು’ ಅಂದರೆ ಮದುವೆ ಆಯ್ತು, ಅಷ್ಟೇ. ಆದರೆ ಪದದ ಹೊಟ್ಟೆಯಲ್ಲಿ ಜ್ಯೋತಿಷ್ಯ ಕೂತಿದೆ, ಲಗ್ನ ಅಂದರೆ ಆ ಹೊತ್ತಿಗೆ ಉದಯಿಸುವ ರಾಶಿ. ಬುದ್ಧನ ಹಿಂದಿನ ಜನ್ಮಗಳನ್ನು ಹೇಳುವ ಜಾತಕ ಕಥೆಗಳಲ್ಲಿ ಇಂಥ ಗಳಿಗೆ ನೋಡೋದರ ಮೇಲೇ ಒಂದು ಕಥೆ ಇದೆ. ನಕ್ಷತ್ರ ಚೆನ್ನಾಗಿಲ್ಲ ಅಂತ ಗಂಡಿನವರು ಆ ದಿನ ಹೋಗಲಿಲ್ಲ. ಹೆಣ್ಣಿನವರು ಕಾದು ಕಾದು ಬೇರೆಯವನಿಗೆ ಕೊಟ್ಟುಬಿಟ್ಟರು. ಮರುದಿನ ದೊಡ್ಡ ಜಗಳ. ಕೊನೆಗೆ ಬರುವ ಗಾಥೆ ಕೇಳುತ್ತದೆ, ತಾರೆಗಳು ಏನು ಮಾಡಿಯಾವು ಅಂತ.

ಹಾಗಾದರೆ ಪರಿಣಯ? ಪರಿ ಅಂದರೆ ಸುತ್ತ, ನಯ ಅಂದರೆ ಕರೆದೊಯ್ಯುವುದು. ವಧುವನ್ನು ಅಗ್ನಿಯ ಸುತ್ತ ಕರೆದೊಯ್ಯುವುದು. ಈ ಮದುವೆಯಲ್ಲಿ ಹೋಮವೇ ಇಲ್ಲ! ಬುದ್ಧ-ಧಮ್ಮ-ಸಂಘಕ್ಕೆ ಶರಣು ಅನ್ನುವ ತ್ರಿಶರಣ, ಐದು ಶೀಲಗಳ ಪಂಚಶೀಲ, ಹರಸುವ ಜಯಮಂಗಲ ಗಾಥೆ, ಮುಗೀತು.

‘ವಿವಾಹ ಸಂಸ್ಕಾರ’ ಇನ್ನೂ ಫಜೀತಿ. ವೈದಿಕರಿಗೆ ಮದುವೆ 16 ಸಂಸ್ಕಾರಗಳಲ್ಲಿ ಒಂದು. ಕ್ಯಾಥೊಲಿಕ್ ಕ್ರೈಸ್ತರಿಗೂ ಏಳರಲ್ಲಿ ಒಂದು. ಮುಸ್ಲಿಮರ ನಿಕಾಹ್ ಮೆಹರ್ (ಗಂಡು ಹೆಣ್ಣಿಗೆ ಕೊಡಬೇಕಾದದ್ದು) ಗೊತ್ತುಮಾಡಿ, ಸಾಕ್ಷಿಗಳ ಮುಂದೆ ಆಗುವ ಕರಾರು. ಬುದ್ಧ ಸಂಸ್ಕಾರ, ಕರಾರು ಇವೆರಡರಲ್ಲಿ ಯಾವುದನ್ನೂ ಹೇಳಲಿಲ್ಲ. ಮದುವೆಗೆ ವಿಧಿ ಅಂತಲೇ ಕೊಡಲಿಲ್ಲ, ಅದು ಗೃಹಸ್ಥರ ವ್ಯವಹಾರ. ಭಿಕ್ಷು ಗಂಡು-ಹೆಣ್ಣು ಕೂಡಿಸುವ ದಲ್ಲಾಳಿ ಕೆಲಸ ಮಾಡಿದರೆ ವಿನಯದಲ್ಲಿ, ಅಂದರೆ ಭಿಕ್ಷುಗಳ ನಿಯಮಗಳಲ್ಲಿ, ದೊಡ್ಡ ತಪ್ಪು. ಗಂಡನಿಗೆ ‘ಸಿಗಾಲೋವಾದ ಸುತ್ತ’ ಅನ್ನುವ ಉಪದೇಶದಲ್ಲಿ ಐದು ಮಾತು ಹೇಳಿದ್ದಾನೆ: ಹೆಂಡತಿಯನ್ನು ಗೌರವಿಸು, ಹೀಯಾಳಿಸಬೇಡ, ದಾರಿ ತಪ್ಪಬೇಡ, ಮನೆಯ ಯಜಮಾನಿಕೆ ಅವಳಿಗೆ ಬಿಡು, ಒಡವೆ ಕೊಡು. (ಕೊನೆಯದನ್ನು ಓದಿ ನಮ್ಮ ಮನೆಯವರು ಬುದ್ಧನ ಕಡೆ ವಾಲಿದ್ದಾರೆ.) ಅದೂ ಅಲ್ಲದೆ ಸಂಸ್ಕಾರ ಅನ್ನೋದು ಬೌದ್ಧ ಗ್ರಂಥಗಳ ಭಾಷೆ ಪಾಲಿಯಲ್ಲಿ ‘ಸಂಖಾರ’, ಅರ್ಥ ಬೇರೇನೇ: ಕಾರಣಗಳು ಕೂಡಿ ಆದದ್ದು. ‘ಸಬ್ಬೇ ಸಂಖಾರಾ ಅನಿಚ್ಚಾ’, ಸಂಖಾರಗಳೆಲ್ಲ ಅನಿತ್ಯ. ಮದುವೆ ಕಾರ್ಡಿನಲ್ಲಿ ಇದು ಬೇಕಾ?

ಪಾಲಿಯ ಜೋಡಿಪದ ‘ಆವಾಹ-ವಿವಾಹ’. ಅಶೋಕನ ಗಿರ್ನಾರ್ ಶಾಸನದಲ್ಲೂ ಇದೆ, ಜನ ಸುಮ್ನೆ ಮಾಡುವ ಮಂಗಲಾಚರಣೆಗಳ ಪಟ್ಟಿಯಲ್ಲಿ. ಆವಾಹ ಅಂದರೆ ಹೆಣ್ಣು ತರೋದು, ವಿವಾಹ ಅಂದರೆ ಹೆಣ್ಣು ಕೊಡೋದು. ನಮ್ಮ ‘ಕೊಡೋದು-ತರೋದು’ ಅಚ್ಚುಕಟ್ಟಾಗಿ ಕೂರುತ್ತದೆ ಅಲ್ವಾ! ಆದರೆ ಕಾರ್ಡಿನ ಮೇಲೆ ‘ಆವಾಹ’ ಕಂಡರೆ, ಯಾರ ಮೈಮೇಲೆ ಏನು ಬಂತು ಅಂತ ಊರವರು ಕೇಳುತ್ತಾರೆ.

ನನ್ನ ಓಟು ‘ಮದುವೆ’ಗೆ. ತುಳುವಿನ ಮದಿಮೆಯ ನೆಂಟ, ಅದರಲ್ಲಿ ಬೆಂಕಿಯೂ ಇಲ್ಲ, ನಕ್ಷತ್ರವೂ ಇಲ್ಲ. ‘ಭಾಳ ಸಪ್ಪಗಾತಲ್ರಿ’ ಅಂದರು ತಂದೆ. ‘ಮಂಗಲ’ ಬೇಕಾದರೆ ಇರಲಿ, ಹೆಂಡತಿ ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುವುದನ್ನು ಮಹಾಮಂಗಲ ಸುತ್ತವೇ ಮಂಗಲ ಅನ್ನುತ್ತದೆ.

ಈಗ ಪ್ರಶ್ನೆ. ‘ಮಂಗಲ ಮದುವೆ’ ಅಂದರೆ ನಿಮ್ಮ ಕಿವಿಗೆ ಒರಟಾಗುತ್ತದಾ? ವಿಜಯಪುರ, ಬಾಗಲಕೋಟೆ ಕಡೆಯ ಬೌದ್ಧರ ಕಾರ್ಡಿನಲ್ಲಿ ಏನು ಹಾಕಿಸುತ್ತಾರೆ? ಶುಕ್ರವಾರದೊಳಗೆ ತಿಳಿಸಿದರೆ ಉಪಕಾರ. ಅವರು ಆರಿಸಿದ ಕವರಿನ ಮೇಲೆ ಬಂಗಾರದ ಬಣ್ಣದಲ್ಲಿ ‘ಶುಭ ವಿವಾಹ’ ಅಂತ ಮೊದಲೇ ಅಚ್ಚಾಗಿದೆ, ಅದಕ್ಕಂತೂ ನನ್ನ ಪೆನ್ನು ನಡೆಯುವುದಿಲ್ಲ.