ಪದಚರ್ಚೆ: ಆಯಿಲ್ ಪ್ಯಾನ್‌ಗೆ ‘ತೈಲತಟ್ಟೆ’ ನಡೆಯುತ್ತದೆಯೆ?

ಪ್ರಶ್ನೆ:

ಹಾಸನ, ಸಕಲೇಶಪುರ, ಮೂಡಿಗೆರೆ ಕಡೆ ಹಳೆಯ ಡೀಸೆಲ್ ಪಿಕಪ್ ಓಡಿಸುವವರಿಗಾಗಿ, ಹಾಳಾದ ಆಯಿಲ್ ಪ್ಯಾನ್ (ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತಗಡಿನ ತೊಟ್ಟಿ) ಬದಲಿಸುವ ಕ್ರಮವನ್ನು ಕನ್ನಡದಲ್ಲಿ ಬರೆಯಬೇಕಾಗಿದೆ. ಕರಡಿನಲ್ಲಿ ‘ಕಿಲುಬು ಹಿಡಿದ ತೈಲತಟ್ಟೆ’, ‘ಸಂದುಮುಚ್ಚು’ (ಗ್ಯಾಸ್ಕೆಟ್), ‘ತೈಲ ಸೋರಿಕೆ’ ಎಂದೆಲ್ಲ ಬಳಸಿದ್ದೇನೆ. ಓದುವವರು ಚಾಲಕರು, ಗ್ಯಾರೇಜಿನ ಹುಡುಗರು. ಇವು ಇರಲಿಯೆ? ‘ಸಂಪ್’ ಎಂದರೆ ಹೇಗೆ?

ಉತ್ತರ:

‘ತೈಲತಟ್ಟೆ’ ಬೇಡ. ಗ್ಯಾರೇಜಿನಲ್ಲಿ ಅದು ‘ಚೇಂಬರ್’. ‘ಚೇಂಬರ್ ಹೊಡೀತು’ ಎಂದರೆ ಕಲ್ಲಿಗೆ ತಗುಲಿತು ಎಂದು ಎಲ್ಲರಿಗೂ ಗೊತ್ತಾಗುತ್ತದೆ. ‘ಸಂಪ್’ ಬಿಡಿಭಾಗದ ಅಂಗಡಿಯಲ್ಲಿ ನಡೆಯುತ್ತದೆ; ಮನೆಯಲ್ಲಿ ಸಂಪು ಎಂದರೆ ನೀರಿನ ತೊಟ್ಟಿ. ಮೊದಲ ಸಲ ‘ಇಂಜಿನ್ ಆಯಿಲ್ ಚೇಂಬರ್’ ಎಂದು ಬರೆದು ಮುಂದೆ ಬರೀ ಚೇಂಬರ್ ಎನ್ನಿ. ಗ್ಯಾಸ್ಕೆಟ್ಟಿಗೆ ‘ಪ್ಯಾಕಿಂಗ್’, ಆಯಿಲ್ ಇಳಿಸಲು ತಳದಲ್ಲಿ ಬಿಚ್ಚುವ ಡ್ರೈನ್ ಪ್ಲಗ್ಗಿಗೆ ‘ಡ್ರೈನ್ ನಟ್’. ಅದು ಬೋಲ್ಟೇ ಆದರೂ ರೂಢಿಯನ್ನು ತಿದ್ದಲು ಹೋಗಬೇಡಿ.

ನನಗೆ ಹೆಚ್ಚು ಕೊರತೆ ಕಂಡದ್ದು ಕ್ರಿಯಾಪದಗಳಲ್ಲಿ. ಎಲ್ಲಕ್ಕೂ ‘ಸೋರಿಕೆ’ ಎಂದಿದ್ದೀರಿ. ಆಯಿಲ್ ‘ಒಸರುತ್ತಿದೆ’ ಎಂದರೆ ಅಂಚು ತೇವವಾಗಿ ಧೂಳು ಮೆತ್ತಿಕೊಂಡಿದೆ, ಹನಿ ಬಿದ್ದಿಲ್ಲ. ಹೆಚ್ಚಾಗಿ ಪ್ಯಾಕಿಂಗಿನ ದೋಷ. ‘ತೊಟ್ಟಿಕ್ಕುತ್ತಿದೆ’ ಎಂದರೆ ಗಾಡಿ ನಿಂತಲ್ಲಿ ಕಲೆ ಬೀಳುತ್ತಿದೆ. ‘ಸೋರುತ್ತಿದೆ’ ಎಂದರೆ ಡಿಪ್‌ಸ್ಟಿಕ್ಕಿನಲ್ಲಿ (ಆಯಿಲ್ ಅಳೆಯುವ ಕಡ್ಡಿ) ಮಟ್ಟ ಇಳಿಯುತ್ತಿದೆ, ಗಾಡಿ ಓಡಿಸಬಾರದು. ಯಾವುದೇ ಆಗಲಿ, ಚೇಂಬರ್ ಬಿಚ್ಚುವ ಮುಂಚೆ ಒರೆಸಿ, ಇಂಜಿನ್ ಓಡಿಸಿ, ತೇವವಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದು ಎಂದು ನೋಡಲು ಹೇಳಿ. ಇಂಜಿನ್ನಿನ ತಲೆಯ ಮೇಲಿನ ಟ್ಯಾಪೆಟ್ ಕವರಿನಿಂದ ಇಳಿದ ಆಯಿಲೂ ಕೊನೆಗೆ ಚೇಂಬರಿನ ತಳದಲ್ಲೇ ತೊಟ್ಟಿಕ್ಕುತ್ತದೆ. ಗೇರ್‌ಬಾಕ್ಸ್ ಸೇರುವ ಕಡೆ ಒದ್ದೆಯಿದ್ದರೆ ಕ್ರ್ಯಾಂಕಿನ (ಇಂಜಿನ್ನಿನ ತಿರುಗುವ ಮುಖ್ಯ ದಂಡ) ಹಿಂದಿನ ಸೀಲ್ ಹೋಗಿರಬಹುದು. ಚೇಂಬರ್ ಬದಲಿಸಿ ಪ್ರಯೋಜನವಿಲ್ಲ.

ತುಕ್ಕಿಗೂ ಹಾಗೆಯೇ. ‘ತುಕ್ಕು ಹಿಡಿದಿದೆ’ ಎಂದರೆ ಮೇಲ್ಮೈ ಕೆಂಪಾಗಿದೆ. ಬ್ರಷ್ ಹಾಕಿ ಉಜ್ಜಿ ಪೇಂಟ್ ಬಳಿದರೆ ಸಾಕು. ‘ಚಕ್ಕೆ ಎದ್ದಿದೆ’ ಎಂದರೆ ಹೊಸ ಚೇಂಬರ್ ತರಿಸುವ ಹೊತ್ತು. ‘ತುಕ್ಕು ತಿಂದಿದೆ’ ಎಂದರೆ ತಗಡೇ ಉಳಿದಿಲ್ಲ. ಅಂಥದ್ದಕ್ಕೆ ವೆಲ್ಡಿಂಗ್ ಹಾಕಿಸಬೇಡಿ ಎಂದು ದಪ್ಪಕ್ಷರದಲ್ಲಿ ಬರೆಯಿರಿ: ತೆಳು ತಗಡು ಕರಗಿ ತೂತು ದೊಡ್ಡದಾಗುತ್ತದೆ, ಒಳಗಿನ ಆಯಿಲ್ ಆವಿಗೆ ಬೆಂಕಿಯೂ ಹತ್ತಬಹುದು. ತೂತು ಮುಚ್ಚಲು ಮೆತ್ತುವ ಎಂ-ಸೀಲ್ ಎಣ್ಣೆ ಜಿಡ್ಡಿನ ಮೇಲೆ ಕೂರುವುದಿಲ್ಲ. ಮಲೆನಾಡಿನ ಗಾಡಿಗಳಲ್ಲಿ ಕೆಳಗಿನ ಗಾರ್ಡ್ ಪ್ಲೇಟಿಗೂ ಚೇಂಬರಿಗೂ ನಡುವೆ ತೋಟದ ಕೆಸರು ತುಂಬಿ ಮಳೆಗಾಲ ಪೂರ್ತಿ ಆರದೆ ಕೂತಿರುತ್ತದೆ. ಆ ಕೆಸರಿನಲ್ಲಿ ಪೊಟ್ಯಾಷ್ ಗೊಬ್ಬರ ಸೇರಿದ್ದರೆ ಇನ್ನೂ ಬೇಗ ತಿನ್ನುತ್ತದೆ, ಅದು ಕ್ಲೋರೈಡ್ ಉಪ್ಪು.

ಬಿಚ್ಚುವ ಭಾಗದಲ್ಲಿ ‘ಇಂಜಿನ್ ಬೆಚ್ಚಗಿರುವಾಗ ಆಯಿಲ್ ಇಳಿಸಿ’ ಎನ್ನಿ, ‘ಹೊರಹರಿಸಿ’ ಬೇಡ. ಹಿಡಿದುಕೊಂಡ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಬೇಕು, ಇಲ್ಲವಾದರೆ ತಲೆ ಮುರಿದು ದಂಟು ಬ್ಲಾಕಿನಲ್ಲೇ ಉಳಿಯುತ್ತದೆ. ಕೆಲವು ಪಿಕಪ್‌ಗಳಲ್ಲಿ ಕ್ರಾಸ್ ಮೆಂಬರ್ (ಚಾಸಿಯ ಅಡ್ಡತೊಲೆ) ಅಡ್ಡ ಬರುತ್ತದೆ. ಆಗ ಇಂಜಿನ್ ಮೌಂಟಿಂಗ್ ಬೋಲ್ಟ್ ಬಿಚ್ಚಿ ಇಂಜಿನ್ನನ್ನು ಒಂದೆರಡು ಇಂಚು ಎತ್ತಬೇಕು. ಫ್ಯಾನ್ ರೇಡಿಯೇಟರಿಗೆ ತಾಗೀತು, ನೋಡಿಕೊಳ್ಳಬೇಕು. ಜಾಕಿಯನ್ನು ಚೇಂಬರಿಗೆ ಕೊಡಬಾರದು.

ಚೇಂಬರ್ ಇಳಿದ ಮೇಲೆ ಪಂಪಿಗೆ ಹೋಗುವ ಆಯಿಲ್ ಸೋಸುವ ಸ್ಟ್ರೈನರ್ ಜಾಲರಿ ತೊಳೆದು, ಅದರ ಪೈಪಿನ ಓ-ರಿಂಗ್ (ರಬ್ಬರ್ ಬಳೆ) ಹೊಸದು ಹಾಕಬೇಕು. ಅಲ್ಲಿ ಗಾಳಿ ಎಳೆದರೆ ಪ್ರೆಶರ್ ನಿಲ್ಲುವುದಿಲ್ಲ. ಬ್ಲಾಕಿನ ಅಂಚಿನಲ್ಲಿ ಹಳೆಯ ಪ್ಯಾಕಿಂಗಿನ ಚೂರೂ ಉಳಿಯಬಾರದು. ಸಂದು ಮುಚ್ಚುವ ಪೇಸ್ಟ್ ಹಚ್ಚುವ ಜಾಗವಿದ್ದರೆ ಸುಮಾರು 3 ಮಿ.ಮೀ. ದಪ್ಪದ ಗೆರೆ, ಬೋಲ್ಟ್ ತೂತಿನ ಒಳಬದಿಯಿಂದ ಹಾದುಹೋಗಬೇಕು. ‘ಧಾರಾಳವಾಗಿ ಹಚ್ಚಿ’ ಎಂಬ ನಿಮ್ಮ ಮಾತು ದಯವಿಟ್ಟು ತೆಗೆಯಿರಿ. ಹೆಚ್ಚಾದದ್ದು ಒಳಕ್ಕೆ ಹಿಸುಕಿ, ಕಳಚಿ, ಅದೇ ಜಾಲರಿಗೆ ಕಟ್ಟಿಕೊಳ್ಳುತ್ತದೆ.

‘ಗಟ್ಟಿಯಾಗಿ ಬಿಗಿಯಿರಿ’ ಕೂಡ ಅಪಾಯದ ಮಾತು. ಎಲ್ಲ ಬೋಲ್ಟುಗಳನ್ನು ಮೊದಲು ಕೈಯಲ್ಲೇ ಕೂರಿಸಿ, ನಡುವಿನಿಂದ ಎರಡೂ ತುದಿಗೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. 10ರ ಸ್ಪ್ಯಾನರ್ ಹಿಡಿಯುವ ಎಂ6 ಬೋಲ್ಟಿಗೆ ಸಾಮಾನ್ಯವಾಗಿ 8ರಿಂದ 10 ನ್ಯೂಟನ್ ಮೀಟರ್ ಸಾಕು. ಗಾಡಿಯ ಕೈಪಿಡಿಯ ಅಂಕಿಯೇ ಅಂತಿಮ. ಹೆಚ್ಚು ಬಿಗಿದರೆ ತೂತಿನ ಸುತ್ತ ತಗಡು ಉಬ್ಬಿ, ಎರಡು ಬೋಲ್ಟಿನ ನಡುವೆ ಸಂದು ಬಿಟ್ಟು ಅಲ್ಲೇ ಒಸರಲು ಶುರು.

ಪೇಸ್ಟ್ ಆರಲು ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು, ಹೆಚ್ಚಿನವಕ್ಕೆ 24 ಗಂಟೆ, ಬಿಟ್ಟು ಆಯಿಲ್ ತುಂಬಬೇಕು. ಆಮೇಲೆ, ಇಂಜಿನ್ ಸ್ಟಾರ್ಟ್ ಆಗದಂತೆ ಸ್ಟಾಪ್ ಕೇಬಲ್ ಎಳೆದು ಹಿಡಿದು ಹತ್ತು ಸೆಕೆಂಡಿನಷ್ಟು ಸೆಲ್ಫ್ ಹೊಡೆದು, ಬಿಡುವು ಕೊಟ್ಟು, ಆಯಿಲ್ ದೀಪ ಆರುವವರೆಗೆ ಮತ್ತೆ ಹೊಡೆಯಬೇಕು. ಅಷ್ಟಾದ ಮೇಲೇ ಸ್ಟಾರ್ಟ್.

ಮತ್ತೊಂದು ಉತ್ತರ:

ಮೇಲಿನದಕ್ಕೆ ಒಂದು ಸೇರ್ಪಡೆ. ಕಬ್ಬಿಣಕ್ಕೆ ತುಕ್ಕು, ಕಿಲುಬು ತಾಮ್ರ ಹಿತ್ತಾಳೆಗೆ. ಈ ಕೆಲಸದಲ್ಲಿ ಕಿಲುಬು ಕಾಣುವುದೇನಿದ್ದರೂ ಡ್ರೈನ್ ನಟ್ಟಿನ ತಾಮ್ರದ ವಾಷರಿನಲ್ಲಿ. ಒಮ್ಮೆ ಬಿಗಿದ ತಾಮ್ರ ಗಡುಸಾಗಿ ಮತ್ತೆ ಸರಿಯಾಗಿ ಕೂರುವುದಿಲ್ಲ, ಆದ್ದರಿಂದ ಬಿಡಿಭಾಗಗಳ ಪಟ್ಟಿಯಲ್ಲಿ ಚೇಂಬರ್, ಪ್ಯಾಕಿಂಗ್, ಓ-ರಿಂಗ್, ಫಿಲ್ಟರ್ ಜೊತೆ ಹೊಸ ವಾಷರನ್ನೂ ಸೇರಿಸಿ.