ಸಹಾಯ ಬೇಕು: ಎಡಗೈ ಸ್ವಾಧೀನ ತಪ್ಪಿರುವ ತಾಯಿಯ ಇಷ್ಟಲಿಂಗ ಪೂಜೆಗೆ

ಎಲ್ಲರಿಗೂ ಶರಣು ಶರಣಾರ್ಥಿ. ಹಾವೇರಿ ಜಿಲ್ಲೆಯ ಊರಿನಲ್ಲಿರುವ ನನ್ನ ತಾಯಿಗೆ ಈಗ 76 ವರ್ಷ. ಮೂರು ತಿಂಗಳ ಹಿಂದೆ ಪಾರ್ಶ್ವವಾಯುವಾಗಿ ಮಿದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದು, ಅವರ ಎಡಗೈ, ಎಡಗಾಲು ಸ್ವಾಧೀನ ತಪ್ಪಿವೆ. ಮಾತು, ನೆನಪು ಚೆನ್ನಾಗಿವೆ. ಕಾಲಿನ ಬಗ್ಗೆ ಅವರು ಒಮ್ಮೆಯೂ ಕೊರಗಿದವರಲ್ಲ. ಆದರೆ ದೀಕ್ಷೆ ಪಡೆದ ದಿನದಿಂದ ಯಾವ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜಿಸುತ್ತ ಬಂದರೋ ಆ ಅಂಗೈ ಈಗ ತಾನಾಗಿ ತೆರೆಯುವುದಿಲ್ಲ ಎಂಬುದನ್ನು ಅವರಿಂದ ತಡೆದುಕೊಳ್ಳಲು ಆಗುತ್ತಿಲ್ಲ. ಮೊನ್ನೆ ಬೆಳಿಗ್ಗೆ ಬಲಗೈಯಿಂದ ಎಡಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಲಿಂಗವನ್ನಿಡುವ ಪುಟ್ಟ ಡಬ್ಬಿಯಾದ ಕರಡಿಗೆಯನ್ನು ತೆರೆಯುವಷ್ಟರಲ್ಲಿ ಅವು ಮತ್ತೆ ಮಡಚಿಕೊಂಡವು; ವಿಭೂತಿ ಸೀರೆಯ ಮೇಲೆಲ್ಲ ಚೆಲ್ಲಿತು. ತಂದೆ ತೀರಿಕೊಂಡ ಮೇಲೆ ಅವರು ಅತ್ತದ್ದನ್ನು ನಾನು ಅಂದೇ ನೋಡಿದ್ದು.

ಎಡಗೈಯನ್ನು ನೋಡುತ್ತ ಅದಕ್ಕೆ ಕೆಲಸ ಕೊಡುವುದು ಒಳ್ಳೆಯದು, ಪೂಜೆ ಬಿಡಿಸಬೇಡಿ ಎಂದು ಫಿಸಿಯೋಥೆರಪಿಯವರು ಹೇಳಿದ್ದಾರೆ. ನನಗೂ ಅದೇ ಸರಿಯೆನಿಸುತ್ತದೆ, ಏಕೆಂದರೆ ಪೂಜೆ ನಡೆದ ದಿನ ಅವರು ತಾವಾಗಿಯೇ ಮಾತ್ರೆ ಕೇಳಿ ನುಂಗುತ್ತಾರೆ, ನಡೆಯದ ದಿನ ಗಂಜಿಯನ್ನೂ ಒಲ್ಲೆ ಎನ್ನುತ್ತಾರೆ. ಲಿಂಗವನ್ನು ಜಗಲಿಯ ಮೇಲಿಟ್ಟು ಕೈಮುಗಿಯಿರಿ ಎಂದು ಬಂಧುಗಳು ಹೇಳಿದರು. ಇಷ್ಟಲಿಂಗವನ್ನು ಮೈಯಿಂದ ಅಗಲಿಸುವ ಮಾತನ್ನು ತಾಯಿ ಕೇಳಲೂ ಸಿದ್ಧರಿಲ್ಲ.

ನಿಮ್ಮ ಮನೆಯ ಹಿರಿಯರು ಇಂಥ ಸ್ಥಿತಿಯಲ್ಲಿ ಪೂಜೆಯನ್ನು ಹೇಗೆ ನಡೆಸಿದರು? ಮಗಳಾದ ನಾನು ಅವರ ಅಂಗೈ ಕೆಳಗೆ ನನ್ನ ಅಂಗೈಯನ್ನಿಟ್ಟು ಆಧಾರ ಕೊಡಬಹುದೇ, ಇಲ್ಲವೇ ಲಿಂಗವನ್ನು ಬಲ ಅಂಗೈಗೆ ಬದಲಾಯಿಸಬಹುದೇ? ನನ್ನ ಮಾತಿಗಿಂತ ಜಂಗಮರ, ಮಠದ ಹಿರಿಯರ ಮಾತನ್ನು ಅವರು ಒಪ್ಪುತ್ತಾರೆ. ಬಲ್ಲವರು ದಯವಿಟ್ಟು ತಿಳಿಸಿ. ನಿಮ್ಮ ಉತ್ತರವನ್ನು ಅವರಿಗೇ ಓದಿ ಹೇಳುತ್ತೇನೆ.